ಅತ್ತೆಯಿಲ್ಲದ ಮೊದಲ ಕ್ರಿಸ್‌ಮಸ್: ಯಾರಿಗೆ ಏನು ಕೊಡಲಿ, ಯಾವ ಪದ್ಧತಿ ಉಳಿಸಿಕೊಳ್ಳಲಿ?

ಪ್ರಶ್ನೆ: ನಾವು ಉಡುಪಿ ಕಡೆಯ ಕ್ಯಾಥೊಲಿಕರು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯಿತು. ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ 11, ಮಗಳಿಗೆ 6. ಪ್ರತಿ ಕ್ರಿಸ್‌ಮಸ್‌ಗೂ ಊರಿಗೆ ಹೋಗುತ್ತಿದ್ದೆವು. ಈ ಫೆಬ್ರವರಿಯಲ್ಲಿ ಅತ್ತೆ ತೀರಿಕೊಂಡರು. ಮಾವ ಈಗ ನಮ್ಮ ಜೊತೆಗಿದ್ದಾರೆ, ಊರಿನ ಮನೆಗೆ ಬೀಗ ಹಾಕಿದೆ. ಕುವೈತ್‌ನಲ್ಲಿರುವ ನಾದಿನಿ ಗಂಡ, ಮಗಳ ಜೊತೆ ಈ ಸಲ ನಮ್ಮಲ್ಲಿಗೇ ಬರುತ್ತಿದ್ದಾಳೆ. ಉಡುಗೊರೆಯ ಪಟ್ಟಿ ಬರೆದರೆ ಹತ್ತೊಂಬತ್ತು ಜನ ಆಗುತ್ತಾರೆ. ವರ್ಷವೂ ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಹೊಸ ವರ್ಷ ಬರುವಷ್ಟರಲ್ಲಿ ಮಕ್ಕಳು ಆಟಿಕೆಯನ್ನು ಮರೆತಿರುತ್ತಾರೆ. ಮಾವ ‘ಈ ವರ್ಷ ಹಬ್ಬ ಯಾಕೆ’ ಎನ್ನುತ್ತಾರೆ. ಅತ್ತೆ ಇದ್ದಾಗ ಎಲ್ಲ ತಾನಾಗಿಯೇ ನಡೆಯುತ್ತಿತ್ತು. ಈಗ ಎಲ್ಲಿಂದ ಶುರು ಮಾಡಲಿ?

ಉತ್ತರ: ತಾನಾಗಿ ಏನೂ ನಡೆಯುತ್ತಿರಲಿಲ್ಲ ಅಲ್ಲವೇ? ಎಷ್ಟು ತೆಂಗಿನಕಾಯಿ ಸುಲಿಸಬೇಕು, ನೆವ್ರಿಗೆ (ನಮ್ಮ ಕರ್ಜಿಕಾಯಿ) ಎಳ್ಳು ಯಾವಾಗ ಹುರಿಯಬೇಕು, ಯಾವ ಮನೆಗೆ ಎಷ್ಟು ತಟ್ಟೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಹೋಗಬೇಕು, ಯಾವ ಮೊಮ್ಮಗುವಿಗೆ ಯಾವ ಅಳತೆಯ ಬಟ್ಟೆ ಎಂಬುದನ್ನೆಲ್ಲ ನಿಮ್ಮ ಅತ್ತೆ ತಲೆಯಲ್ಲಿಟ್ಟುಕೊಂಡು ನಡೆಸುತ್ತಿದ್ದರು. ನೀವು ಈಗ ಆ ಇಡೀ ಹೊರೆಯನ್ನು ಹೊತ್ತುಕೊಳ್ಳಲು ಹೊರಟಿದ್ದೀರಿ, ಅದೂ ಆಫೀಸಿನ ಕೆಲಸದ ಜೊತೆಗೆ. ದಯವಿಟ್ಟು ಬೇಡ. ಈ ಡಿಸೆಂಬರ್‌ನಲ್ಲಿ ನಿಮ್ಮ ಮನೆಯಲ್ಲಿ ಎಂಟು ಜನ ಇರುತ್ತೀರಿ. ಯಾರಿಗೆ ಯಾವ ಉಡುಗೊರೆ ಎಂದು ಯೋಚಿಸುವ ಮೊದಲು ಯಾರಿಗೆ ಯಾವ ಕೆಲಸ ಎಂದು ಬರೆದುಕೊಳ್ಳಿ. ಈ ಉತ್ತರದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಉಳಿದದ್ದು ವಿವರ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸಿ ಮತ್ತು ಸಂಗಡಿಗರು 2002ರಲ್ಲಿ ಒಂದು ದೊಡ್ಡ ವಿಮರ್ಶೆ ಪ್ರಕಟಿಸಿದರು. ಮನೆಗಳ ದಿನಚರಿ ಮತ್ತು ಆಚರಣೆಗಳ ಬಗ್ಗೆ 50 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೆಲಸ ಅದು. ದಿನಚರಿಯೆಂದರೆ ಆಗಬೇಕಾದ ಕೆಲಸ ಆಗಿಹೋಗುವುದು, ಆಚರಣೆಯೆಂದರೆ ‘ನಾವು ಈ ಮನೆಯವರು’ ಎಂಬ ಭಾವ ಹುಟ್ಟುವುದು ಎಂದು ಅವರು ಇವೆರಡನ್ನೂ ಬೇರ್ಪಡಿಸುತ್ತಾರೆ. ಒಂದೇ ಕೆಲಸ ಎರಡೂ ಆಗಬಹುದು. ಅಂಗಡಿಯಿಂದ ಒಂದು ಕಿಲೋ ಕುಸ್ವಾರ್ ತರಿಸಿದರೆ ತಿಂಡಿಯ ಕೆಲಸ ಮುಗಿಯಿತು. ಅದೇ ತಿಂಡಿಯನ್ನು ಕಾಲು ಕಿಲೋದಷ್ಟು ವಕ್ರವಕ್ರವಾಗಿ ಮಕ್ಕಳೇ ಸುತ್ತಿದರೆ ಅದು ಮನೆಯ ಕತೆಯಾಗುತ್ತದೆ. ಕೊಂಡು ತಂದರೆ ತಪ್ಪು ಎನ್ನುತ್ತಿಲ್ಲ. ನೆವ್ರಿ, ಚಕ್ಕುಲಿ, ಲಾಡು ಎಲ್ಲವನ್ನೂ ಧಾರಾಳವಾಗಿ ಕೊಂಡು ತನ್ನಿ. ಒಂದನ್ನು ಮಾತ್ರ ಮನೆಯಲ್ಲಿ ಮಾಡಿ.

ಮೊದಲು ಮಾವನ ಮಾತಿಗೆ ಬರೋಣ. ಸಾವಾದ ವರ್ಷ ಕುಸ್ವಾರ್ ಮಾಡದೆ, ನಕ್ಷತ್ರ ಕಟ್ಟದೆ ಸುಮ್ಮನಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಇವೆ. ಅಂಥ ಮನೆಗೆ ನೆರೆಯವರೇ ತಿಂಡಿ ಕೊಟ್ಟು ಹೋಗುತ್ತಾರೆ. ಹಾಗಾಗಿ ಅವರ ‘ಹಬ್ಬ ಯಾಕೆ’ ಎಂಬ ಮಾತನ್ನು ಖಿನ್ನತೆ ಎಂದೋ ಹಟ ಎಂದೋ ತಿಳಿಯಬೇಡಿ, ಹೆಂಡತಿಗೆ ತೋರಿಸುವ ಮರ್ಯಾದೆಯ ದಾರಿ ಅವರಿಗೆ ಹಾಗೆ ಗೊತ್ತು. ಅವರ ಜೊತೆ ವಾದಕ್ಕಿಳಿಯಬೇಡಿ. ‘ಅಮ್ಮನಿಗೆ ಯಾವುದು ಬಿಟ್ಟರೆ ಬೇಜಾರಾಗುತ್ತಿತ್ತು?’ ಎಂದು ಕೇಳಿ, ಅದೂ ಮಗನ ಬಾಯಿಂದ ಕೇಳಿಸಿ. ಅವರು ಹೇಳುವ ಒಂದೆರಡನ್ನು ಇಟ್ಟುಕೊಳ್ಳಿ. ಪಾರ್ಟಿ, ಪಟಾಕಿ, ಜೋರು ಹಾಡು ಈ ವರ್ಷ ಬಿಡಿ. ಹಬ್ಬವನ್ನು ಸಣ್ಣದು ಮಾಡಿದರೆ ಅವರು ಒಪ್ಪುತ್ತಾರೆ, ಪೂರ್ತಿ ರದ್ದು ಮಾಡಿದರೆ ಮಕ್ಕಳ ಮನಸ್ಸಿನಲ್ಲಿ ಅಜ್ಜಿಯ ಸಾವು ಮತ್ತು ಕ್ರಿಸ್‌ಮಸ್ ಒಂದಕ್ಕೊಂದು ಅಂಟಿಕೊಂಡು ಉಳಿಯುತ್ತವೆ.

ನೀವು ಅಕ್ಟೋಬರ್‌ನಲ್ಲೇ ಬರೆದದ್ದು ಒಳ್ಳೆಯದಾಯಿತು, ಯಾಕೆಂದರೆ ನವೆಂಬರ್ 2 ಇನ್ನೂ ಮುಂದಿದೆ. ಮೃತರ ಸ್ಮರಣೆಯ ಆ ದಿನದ ಆಸುಪಾಸಿನ ವಾರಾಂತ್ಯಕ್ಕೆ ಮಾವನನ್ನು ಊರಿಗೆ ಕರೆದುಕೊಂಡು ಹೋಗಿ. ಡಿಸೆಂಬರ್ 23ರ ಬಸ್ ಟಿಕೆಟ್ ದರ ನಿಮಗೆ ಗೊತ್ತೇ ಇದೆ, ನವೆಂಬರ್‌ನಲ್ಲಿ ಆ ತಲೆನೋವಿಲ್ಲ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿದ ಮೇಲೆ ಮನೆಯ ಬೀಗ ತೆಗೆದು ಮೂರು ವಸ್ತು ಹುಡುಕಿ: ಕೊಕ್ಕಿಸಾಂ (ಹೂವಿನಾಕಾರದ ಕರಿದ ತಿಂಡಿ) ಮಾಡುವ ಅಚ್ಚು, ಗೋದಲಿಯ (ಕ್ರಿಸ್ತಜನನದ ದೃಶ್ಯ) ಗೊಂಬೆಗಳು, ಅತ್ತೆ ಲೆಕ್ಕ ಬರೆಯುತ್ತಿದ್ದ ಪುಸ್ತಕವೋ ಡೈರಿಯೋ ಇದ್ದರೆ ಅದು. ಬೇರೆ ಏನನ್ನೂ ಈಗ ಖಾಲಿ ಮಾಡಲು ಹೋಗಬೇಡಿ.

ಇನ್ನು ಆ ಹತ್ತೊಂಬತ್ತು ಜನರ ಪಟ್ಟಿ. ಉಡುಗೊರೆಯ ವಿಷಯದಲ್ಲಿ ಎರಡು ಅಧ್ಯಯನಗಳನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೊಗೆಲ್ 1993ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ, ‘ನಿಮಗೆ ಬಂದ ಉಡುಗೊರೆಯ ಮೇಲಿನ ಮಮತೆ ಬದಿಗಿಡಿ, ಅದೇ ವಸ್ತುವಿಗೆ ನೀವಾದರೆ ಎಷ್ಟು ಬೆಲೆ ಕಟ್ಟುತ್ತೀರಿ’ ಎಂದು ಕೇಳಿದರು. ಕೊಟ್ಟವರು ಖರ್ಚು ಮಾಡಿದ್ದರಲ್ಲಿ ಶೇ 10ರಿಂದ 33ರಷ್ಟು ಹೀಗೇ ಸೋರಿಹೋಗುತ್ತದೆ ಎಂದು ಅವರ ಲೆಕ್ಕ ಹೇಳಿತು. ದೂರದ ಬಂಧುಗಳು ತಂದ ವಸ್ತುಗಳಲ್ಲಿ ಈ ಸೋರಿಕೆ ಹೆಚ್ಚು, ಗೆಳೆಯರು ತಂದದ್ದರಲ್ಲಿ ಕಡಿಮೆ. ಇನ್ನೊಂದು, 2009ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯೆಲ್ ಆ್ಯಡಮ್ಸ್ ತೋರಿಸಿದ್ದು: ಬೆಲೆ ಹೆಚ್ಚಾದಷ್ಟೂ ಮೆಚ್ಚುಗೆ ಹೆಚ್ಚು ಎಂದು ಕೊಡುವವರು ನಂಬಿರುತ್ತಾರೆ, ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ಸಂಬಂಧ ಕಾಣಲಿಲ್ಲ. ಅಂದರೆ ಡಿಸೆಂಬರ್ 20ರ ರಾತ್ರಿ ಗಾಬರಿಯಲ್ಲಿ ನೀವು ಹೆಚ್ಚಿಸುವ ಐನೂರು ರೂಪಾಯಿ ನಿಮ್ಮ ಸಮಾಧಾನಕ್ಕೇ ಹೊರತು ಅವರಿಗಾಗಿ ಅಲ್ಲ.

ಪಟ್ಟಿಯನ್ನು ಹೀಗೆ ಒಡೆಯಿರಿ. ಮನೆಯ ದೊಡ್ಡವರು ಐದು ಜನ, ಅಂದರೆ ನೀವಿಬ್ಬರು, ಮಾವ, ನಾದಿನಿ, ಅವಳ ಗಂಡ. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಚೀಟಿ ಎತ್ತಿ. ಅದು ಯಾವ ವರ್ಷವಾದರೂ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಕುವೈತ್‌ನವರ ಚೀಟಿಯನ್ನು ವಿಡಿಯೊ ಕಾಲ್‌ನಲ್ಲಿ ಮಗಳ ಕೈಯಲ್ಲಿ ಎತ್ತಿಸಬಹುದು. ಹೆಸರನ್ನು ಮಾತ್ರ ಗಟ್ಟಿಯಾಗಿ ಓದಿಬಿಡುತ್ತಾಳೆ, ಆರು ವರ್ಷದವರಲ್ಲಿ ಗುಟ್ಟು ನಿಲ್ಲುವುದಿಲ್ಲ, ಪರವಾಗಿಲ್ಲ. ಒಬ್ಬರು ಒಬ್ಬರಿಗೆ ಮಾತ್ರ ಕೊಡುವುದು, ಸಾವಿರ ರೂಪಾಯಿ ದಾಟಬಾರದು. ಐವರೂ ಪರಸ್ಪರ ಕೊಟ್ಟರೆ ಆಗುತ್ತಿದ್ದ ಇಪ್ಪತ್ತು ಪೊಟ್ಟಣ ಅಲ್ಲಿಗೆ ಐದಕ್ಕಿಳಿಯಿತು.

ನೆರೆಹೊರೆ, ಆಫೀಸು, ದೂರದ ಬಂಧುಗಳಿಗೆ ವಸ್ತು ಬೇಡ, ತಿಂಡಿಯ ತಟ್ಟೆ ಸಾಕು. ಒಂದು ಎಚ್ಚರಿಕೆ ಇರಲಿ: ಪ್ಲಮ್ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಹಣ್ಣು ರಮ್‌ನಲ್ಲಿ ನೆನೆದಿರಬಹುದು. ಸಸ್ಯಾಹಾರಿಗಳ ಮನೆಗೆ, ಮುಸ್ಲಿಮರ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕ್ ಇಡದೆ ನೆವ್ರಿ, ಚಕ್ಕುಲಿ, ಮೊಟ್ಟೆ ಹಾಕದೆ ಮಾಡಿದ ಕಿಡಿಯೊ (ಸುರುಳಿ ಸುತ್ತಿ ಕರಿದ ಸಿಹಿ) ಇಡಿ, ‘ಇದರಲ್ಲಿ ಮೊಟ್ಟೆ ಇಲ್ಲ’ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಊರಲ್ಲಾದರೆ ಇದನ್ನು ಯಾರೂ ಹೇಳಬೇಕಿರಲಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಹೇಳಬೇಕು. ನಿಮ್ಮ ಮಹಡಿಯ ಮನೆಗಳಿಂದ ಶುರು ಮಾಡಿ. ಅವರು ಯುಗಾದಿಗೆ ಹೋಳಿಗೆ ಕಳಿಸುತ್ತಾರೋ ಇಲ್ಲವೋ ಎಂಬ ಲೆಕ್ಕ ಬೇಡ.

ಮನೆಕೆಲಸದವರು, ವಾಚ್‌ಮನ್, ಕಸ ಒಯ್ಯುವವರು ನಿಮ್ಮ ಪಟ್ಟಿಯಲ್ಲಿ ಕೊನೆಯಲ್ಲಿದ್ದಾರೆ. ಅವರನ್ನು ಮೇಲಕ್ಕೆ ತನ್ನಿ. ಇವರಿಗೆ ನಗದೇ ಸರಿ, ಲಕೋಟೆಯಲ್ಲಿಟ್ಟು ಡಿಸೆಂಬರ್ 20ರ ಒಳಗೆ ಕೊಡಿ. 26ರಂದು ಉಳಿದ ಕೇಕಿನ ಜೊತೆ ಕೊಟ್ಟರೆ ಅದು ಉಡುಗೊರೆಯಲ್ಲ. ನಿಮ್ಮ ಮನೆಕೆಲಸದಾಕೆ ತಾನೂ ಕ್ರೈಸ್ತಳಾಗಿದ್ದರೆ 24, 25 ಎರಡೂ ದಿನ ಸಂಬಳ ಸಹಿತ ರಜೆ ಕೊಡಿ, ಪಾತ್ರೆ ನೀವೇ ತೊಳೆಯಿರಿ. ಮನೆಯಲ್ಲಿ ಎಂಟು ಜನ ಇರುತ್ತೀರಲ್ಲ.

ಮಾವನಿಗೆ ಏನು ಕೊಡುವುದು? ಷರ್ಟ್ ಪೀಸ್ ಬೇಡ. ವಯಸ್ಸಾದ ಗಂಡಸರ ಕಪಾಟಿನಲ್ಲಿ ಹೊಲಿಸದ ಷರ್ಟ್ ಪೀಸ್‌ಗಳು ಎಷ್ಟಿರುತ್ತವೆಂದು ಒಮ್ಮೆ ಎಣಿಸಿ ನೋಡಿ. ಅವರು ಈಗ ಕಳೆದುಕೊಂಡಿರುವುದು ಹೆಂಡತಿಯೊಬ್ಬಳನ್ನೇ ಅಲ್ಲ. ಊರು, ಚರ್ಚಿನ ಅಂಗಳ, ಕೊಂಕಣಿಯಲ್ಲಿ ಹರಟುವ ಸಂಜೆ, ಇವೆಲ್ಲ ಒಟ್ಟಿಗೆ ಹೋಗಿವೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳ (ಮಾಸ್) ಜೊತೆ ಕೆಲವು ಚರ್ಚುಗಳಲ್ಲಿ ಕೊಂಕಣಿ ಬಲಿಪೂಜೆಯೂ ಇರುತ್ತದೆ. ಎಲ್ಲಿ, ಎಷ್ಟು ಗಂಟೆಗೆ ಎಂದು ಈಗಲೇ ವಿಚಾರಿಸಿಟ್ಟು 24ರ ರಾತ್ರಿ ಇಡೀ ಮನೆ ಅಲ್ಲಿಗೇ ಹೋಗಿ. ಹತ್ತಿರದ ಚರ್ಚಿಗೆ ಹೋದರೆ ಹದಿನೈದು ನಿಮಿಷ, ಅಲ್ಲಿಗಾದರೆ ಒಂದು ಗಂಟೆ ಆಗಬಹುದು. ಆ ಒಂದು ಗಂಟೆಯೇ ನೀವು ಅವರಿಗೆ ಕೊಡುವ ಉಡುಗೊರೆ.

ಅದಕ್ಕಿಂತ ಮುಖ್ಯವಾಗಿ, ಅವರೂ ಕೊಡುವಂತಾಗಬೇಕು. ಮಗನ ಮನೆಗೆ ಬಂದ ಹಿರಿಯರಿಗೆ ನಾವು ಊಟ, ಔಷಧ, ಹಾಸಿಗೆ ಎಲ್ಲ ಕೊಡುತ್ತೇವೆ, ಕೊಡುವ ಅವಕಾಶವನ್ನು ಮಾತ್ರ ಕಿತ್ತುಕೊಳ್ಳುತ್ತೇವೆ. ನನ್ನ ಬಳಿ ಸಲಹೆಗೆ ಬರುವ ಮನೆಗಳಲ್ಲಿ ಹಿರಿಯರ ಮುನಿಸಿನ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ನಿಮ್ಮ ಯಜಮಾನರು ಅವರನ್ನು ಶಿವಾಜಿನಗರಕ್ಕೆ ಕರೆದೊಯ್ಯಲಿ. ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಮೇಣದಬತ್ತಿ ಹಚ್ಚಿ, ಹತ್ತಿರದಲ್ಲೇ ಇರುವ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ನಕ್ಷತ್ರ, ಗೋದಲಿಯ ಗೊಂಬೆ, ಹುಲ್ಲು ಮಾರುವ ಅಂಗಡಿಗಳಲ್ಲಿ ಚೌಕಾಸಿ ಮಾಡಲು ಅವರನ್ನು ಬಿಡಲಿ. ಮೂವರು ಮೊಮ್ಮಕ್ಕಳಿಗೆ ಏನು ಕೊಳ್ಳಬೇಕೆಂದು ಅವರೇ ಆರಿಸಲಿ, ಅವರ ಪಿಂಚಣಿ ದುಡ್ಡಿನಲ್ಲೇ ಕೊಳ್ಳಲಿ. ‘ಅಪ್ಪಾ ನಿಮಗ್ಯಾಕೆ ಖರ್ಚು’ ಎಂದು ಯಾರೂ ಅಡ್ಡ ಬಾಯಿ ಹಾಕಬಾರದು. ಅವರು ಹಳೇ ಕಾಲದ ಆಟಿಕೆ ಆರಿಸಿದರೂ ಸರಿ.

ನಾದಿನಿಯ ವಿಷಯ ಸೂಕ್ಷ್ಮ. ತಾಯಿ ತೀರಿದ ಮೇಲೆ ಮೊದಲ ಸಲ ತವರಿಗೆ ಬರುತ್ತಿದ್ದಾಳೆ, ತವರು ಈಗ ಅಣ್ಣನ ಫ್ಲ್ಯಾಟು. ಗಲ್ಫಿನಿಂದ ಬರುವವರ ಮೇಲೆ ಒಂದು ಹೊರೆ ಇದ್ದೇ ಇರುತ್ತದೆ: ಚಾಕೊಲೇಟು, ಸೆಂಟು, ಬಾದಾಮಿ, ಪ್ರತಿಯೊಬ್ಬರಿಗೆ ಒಂದೊಂದು. ‘ಬರಿಗೈಯಲ್ಲಿ ಬಾ, ಇಲ್ಲಿ ದೊಡ್ಡವರಲ್ಲಿ ಚೀಟಿಯಲ್ಲಿ ಬಂದ ಒಬ್ಬರಿಗೆ ಮಾತ್ರ ತಂದರೆ ಸಾಕು’ ಎಂದು ಅವಳು ಪೆಟ್ಟಿಗೆ ತುಂಬಲು ಶುರು ಮಾಡುವ ಮೊದಲೇ ಹೇಳಿಬಿಡಿ.

ಚೀಟಿ ಯಾರಿಗೇ ಬಂದಿರಲಿ, ಅವಳಿಗೆ ಒಂದು ವಸ್ತುವನ್ನು ನೀವು ಈಗಲೇ ಯೋಚಿಸಬೇಕು. ಅತ್ತೆಯ ಹತ್ತಿ ಸೀರೆಗಳು ಇವೆಯಲ್ಲ, ಅವುಗಳಿಂದ ಕೌದಿ ಹೊಲಿಸಿ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಕೈಹೊಲಿಗೆ ಹಾಕುತ್ತ ಹೋಗುವ ಕೆಲಸ ಇದು, ಈಗಲೂ ಹೊಲಿದುಕೊಡುವ ಹೆಂಗಸರಿದ್ದಾರೆ. ಕೈಕೆಲಸವಾದ್ದರಿಂದ ವಾರಗಟ್ಟಲೆ ಹಿಡಿಯುತ್ತದೆ, ನವೆಂಬರ್ ಮೊದಲ ವಾರ ಕೊಟ್ಟರೆ ಸಿಕ್ಕೀತು. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ರೇಷ್ಮೆ ಜಾರುತ್ತದೆ, ಪಾಲಿಯೆಸ್ಟರ್ ಸೆಕೆ. ಆದರೆ ಇದನ್ನು ಅಚ್ಚರಿಯ ಉಡುಗೊರೆ ಮಾಡಲು ಹೋಗಬೇಡಿ. ಕತ್ತರಿ ಹಾಕುವ ಮೊದಲು ಮಾವನ ಒಪ್ಪಿಗೆ ಬೇಕು, ನಾದಿನಿಯ ಒಪ್ಪಿಗೆಯೂ ಬೇಕು. ಯಾವ ಸೀರೆಯನ್ನು ಇಡಿಯಾಗಿ ಉಳಿಸಬೇಕೆಂದು ಅವಳೇ ಹೇಳಲಿ. ತಾಯಿಯ ಸೀರೆ ಕತ್ತರಿಸಿದ್ದು ಆಮೇಲೆ ಗೊತ್ತಾಗಿ, ಅತ್ತಿಗೆ ನಾದಿನಿಯರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಮಕ್ಕಳಿಗೆ ಕಡಿಮೆ ಕೊಡಿ ಎಂದರೆ ತಂದೆತಾಯಿಗೆ ಕಸಿವಿಸಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟಾಣಿಗಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅವು ಎರಡು ವರ್ಷದ ಆಸುಪಾಸಿನ ಮಕ್ಕಳು, ನಿಮ್ಮ ಹನ್ನೊಂದು ವರ್ಷದವನಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಆದರೂ ನಿಮ್ಮ ಮನೆಯಲ್ಲಿ ಜನವರಿ 1ಕ್ಕೆ ಆಟಿಕೆ ಮರೆತುಹೋಗುವುದಕ್ಕೆ ಒಂದು ಕಾರಣ, ಎಲ್ಲವೂ ಒಂದೇ ಬೆಳಿಗ್ಗೆ ಬಿಚ್ಚಿಕೊಳ್ಳುವುದು. ಅಜ್ಜನದ್ದು 24ರ ಬಲಿಪೂಜೆಯ ನಂತರ, ನಿಮ್ಮದು 25ಕ್ಕೆ, ನಾದಿನಿ ಮತ್ತು ಅವಳ ಗಂಡ ಕುವೈತ್‌ನಿಂದ ತಂದದ್ದು, ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬಕ್ಕೆ, ಅಂದರೆ ಜನವರಿ 6ಕ್ಕೆ ಎಂದು ಹಂಚಿ. ‘ಒಂದು ಬೇಕಾದದ್ದು, ಒಂದು ಅಗತ್ಯದ್ದು, ಒಂದು ಉಡುವುದು, ಒಂದು ಓದುವುದು’ ಎಂಬ ಸೂತ್ರ ಈಗ ಎಲ್ಲೆಡೆ ಓಡಾಡುತ್ತಿದೆ. ಕೆಟ್ಟದ್ದೇನಲ್ಲ, ಆದರೆ ಹಬ್ಬಕ್ಕೆ ಸಾಕ್ಸ್ ಕೊಟ್ಟು ಅದನ್ನು ಉಡುಗೊರೆ ಎನ್ನುವುದು ನನಗೆ ಒಗ್ಗುವುದಿಲ್ಲ. ಅಗತ್ಯದ್ದನ್ನು ಮೇ ತಿಂಗಳಲ್ಲೇ ಕೊಡಿಸಿ.

ಮಗಳಿಗೆ ಆಟಿಕೆಯೇ ಬೇಕೆಂದಾದರೆ ಊರಿಗೆ ಹೋಗುವಾಗಲೋ ಬರುವಾಗಲೋ ಕಣ್ಣಿಗೆ ಬೀಳದ ಚನ್ನಪಟ್ಟಣಕ್ಕೆ ಒಂದು ಭಾನುವಾರ ಬೇರೆಯಾಗಿಯೇ ಹೋಗಿಬನ್ನಿ. ಮರವನ್ನು ಲೇತಿಗೆ ಹಾಕಿ ತಿರುಗಿಸುತ್ತ, ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ಬಿಸಿಗೆ ಅದು ಕರಗಿ ಬಣ್ಣ ಏರುವುದನ್ನು ಅವಳು ಕಣ್ಣಾರೆ ನೋಡಲಿ. ಹುಟ್ಟುವುದನ್ನು ನೋಡಿದ ಬುಗುರಿಯನ್ನು ಮಕ್ಕಳು ಬೇಗ ಮರೆಯುವುದಿಲ್ಲ. ಮಗನಿಗೆ ಈ ವರ್ಷ ಐನೂರು ರೂಪಾಯಿ ಕೈಗೆ ಕೊಟ್ಟು, ತಂಗಿಗೂ ಕುವೈತ್‌ನಿಂದ ಬರುವ ಹುಡುಗಿಗೂ ಏನು ಕೊಡಬೇಕೆಂದು ಅವನೇ ನಿರ್ಧರಿಸಲಿ. ಲೆಕ್ಕ ಕೇಳಿ, ಆಯ್ಕೆಯನ್ನು ತಿದ್ದಬೇಡಿ.

ಈಗ ಪದ್ಧತಿಗಳು. ಮೂರು ಸಾಕು, ಹೆಚ್ಚಿಗೆ ಬೇಡ. ಮೊದಲನೆಯದು ಮೇಲೆ ಹೇಳಿದ ಚೀಟಿ. ಎರಡನೆಯದು ರಾಗಿ ಬಿತ್ತುವುದು. ಗೋದಲಿಯ ಮುಂದೆ ಹಸಿರಿಗಾಗಿ ಪುಟ್ಟ ತಟ್ಟೆಗಳಲ್ಲಿ ಪೈರು ಬೆಳೆಸುವ ರೂಢಿ ಇದೆಯಲ್ಲ, ಅದನ್ನು ಮಾವ ಮತ್ತು ಮಗಳಿಗೆ ಒಪ್ಪಿಸಿ. ಡಿಸೆಂಬರ್ 8, ಮಾತೆ ಮರಿಯಮ್ಮನವರ ಹಬ್ಬ, ನೆನಪಿಡಲು ಸುಲಭದ ದಿನ. ಹಿಂದಿನ ರಾತ್ರಿ ರಾಗಿ ನೆನೆಹಾಕಿ, ತಳದಲ್ಲಿ ತೂತಿರುವ ಅಗಲದ ಡಬ್ಬಿಯಲ್ಲಿ ಎರಡು ಬೆರಳು ಮಣ್ಣು ಹರಡಿ, ಒತ್ತಾಗಿ ಉದುರಿಸಿ, ಮೇಲೆ ಹುಡಿ ಮಣ್ಣು ಮುಚ್ಚಿ. ನೀರು ಸುರಿಯಬಾರದು, ಚಿಮುಕಿಸಬೇಕು. ಊರಲ್ಲಿ ಸೆಕೆಗೆ ಬೇಗ ಬರುತ್ತದೆ, ಬೆಂಗಳೂರಿನ ಡಿಸೆಂಬರ್ ಚಳಿಗೆ ತಡ, ಅದಕ್ಕೇ ಎರಡು ವಾರ ಮೊದಲು. ಮೊಳಕೆ ಬಂದ ಮೇಲೆ ಬಾಲ್ಕನಿಯ ಎಳೆಬಿಸಿಲಿಗೆ ಇಡಿ. ಕೃಷಿ ಗೊತ್ತಿರುವ ಮುದುಕರ ಕೈಗೆ ಮಣ್ಣು ಬಂದರೆ ಅವರು ತಾವಾಗಿ ಮಾತಿಗೆ ಶುರು ಮಾಡುತ್ತಾರೆ, ನೀವೇನೂ ಕೇಳಬೇಕಿಲ್ಲ.

ಗೋದಲಿ ದೊಡ್ಡದಾಗಬೇಕಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ತಜನನದ ದೃಶ್ಯ ಕಟ್ಟಿದಾಗ ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆ, ಇಷ್ಟೇ ಇದ್ದದ್ದು. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯವರೆಗೆ ಇಡಬೇಡಿ. ಮೂವರು ರಾಯರನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಂದ ಹೊರಡಿಸಿ, ಮಕ್ಕಳು ದಿನಕ್ಕೊಂದಿಷ್ಟು ಮುಂದೆ ಸರಿಸುತ್ತ ಟಿ.ವಿ. ಮೇಜು, ಪುಸ್ತಕದ ಕಪಾಟು ದಾಟಿಸಿ ಜನವರಿ 6ಕ್ಕೆ ಗೋದಲಿ ಮುಟ್ಟಿಸಲಿ. ಒಂಟೆ ಫ್ರಿಜ್ ಮೇಲೆ ಸಿಕ್ಕಿದರೆ ಆಶ್ಚರ್ಯಪಡಬೇಡಿ.

ಮೂರನೆಯದು ಕಿಡಿಯೊ ಭಾನುವಾರ, ಕ್ರಿಸ್‌ಮಸ್‌ಗೆ ಹಿಂದಿನದು. ಕುಸ್ವಾರಿನಲ್ಲಿ ಆರು ವರ್ಷದ ಕೈಗೂ ಎಪ್ಪತ್ತು ದಾಟಿದ ಕೈಗೂ ಒಗ್ಗುವ ತಿಂಡಿ ಇದೊಂದೇ. ಮೈದಾಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ದಪ್ಪ ತೆಂಗಿನಹಾಲು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆ ಮಾಡಿ, ಎಣ್ಣೆ ಸವರಿದ ಫೋರ್ಕಿನ ಬೆನ್ನಿಗೆ, ಅಥವಾ ಇದಕ್ಕೆಂದೇ ಎತ್ತಿಟ್ಟ ಹೊಸ ಬಾಚಣಿಗೆಗೆ ಒತ್ತಿ ಚಪ್ಪಟೆ ಮಾಡಿ, ಒಂದು ತುದಿಯಿಂದ ಸುರುಳಿ ಸುತ್ತಿದರೆ ಗೆರೆಗೆರೆಯ ಹುಳದಂತೆ ಬರುತ್ತದೆ. ಅಂಚು ಸರಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಉರಿ ಸಣ್ಣದಿರಲಿ, ಇಲ್ಲವಾದರೆ ಹೊರಗೆ ಕೆಂಪಾಗಿ ಒಳಗೆ ಹಿಟ್ಟಾಗಿ ಉಳಿಯುತ್ತದೆ. ಕರಿಯುವುದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು ನಿಮ್ಮ ಯಜಮಾನರ ಪಾಲಿಗಿರಲಿ. ಆ ದಿನ ನೀವು ಕುಳಿತು ಸುತ್ತುವವರ ಸಾಲಿನಲ್ಲಿರಬೇಕು, ಒಲೆಯ ಮುಂದೆ ಅಲ್ಲ.

ಕೊಕ್ಕಿಸಾಂ ಅಚ್ಚು ಸಿಕ್ಕಿದರೆ ನಾದಿನಿ ಬಂದ ಮೇಲೆ ಅವಳ ಕೈಗೆ ಕೊಡಿ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು, ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಕ್ಕೆ ಮುಚ್ಚಿಕೊಂಡು ಬಿಡಿಸಲು ಬರುವುದಿಲ್ಲ ಎಂಬುದು ತಾಯಿಯಿಂದ ಅವಳಿಗೆ ಗೊತ್ತಿರುತ್ತದೆ. ಗೊತ್ತಿದ್ದರೆ ಅವಳು ಕಲಿಸಲಿ, ಗೊತ್ತಿಲ್ಲದಿದ್ದರೆ ಮೊದಲ ಹತ್ತು ಮುರಿಯಲಿ.

ಈ ಮೂರರಲ್ಲಿ ಯಾವುದು ಉಳಿಯಬೇಕೆಂದು ಈಗಲೇ ತೀರ್ಮಾನಿಸಬೇಡಿ. ಮುಂದಿನ ನವೆಂಬರ್‌ನಲ್ಲಿ ಮಕ್ಕಳು ತಾವಾಗಿ ‘ಅದು ಯಾವಾಗ ಮಾಡೋದು’ ಎಂದು ಕೇಳಿದರೆ ಮಾಡಿ, ಯಾರೂ ಕೇಳದಿದ್ದರೆ ಸದ್ದಿಲ್ಲದೆ ಬಿಟ್ಟುಬಿಡಿ. ಇನ್ನು ಈ ವಾರ ಆಗಬೇಕಾದ್ದು ಎರಡು: ಊರಿಗೆ ಮೂರು ಟಿಕೆಟ್ಟೋ ಐದು ಟಿಕೆಟ್ಟೋ ಎಂದು ನಿರ್ಧರಿಸಿ ಬುಕ್ ಮಾಡುವುದು, ಮತ್ತು ನಾದಿನಿಗೆ ಫೋನ್ ಮಾಡಿ ಸೀರೆಗಳ ಮಾತೆತ್ತುವುದು. ಎರಡನೆಯದನ್ನು ನಿಮ್ಮ ಯಜಮಾನರಿಗೆ ಬಿಡಬೇಡಿ, ನೀವೇ ಮಾಡಿ.